ಪ್ರಾರ್ಥನೆ ಮತ್ತು ದುಡಿಮೆ: ಬಾಸೆಲ್ ಮಿಶನ್ನಿನ ದಿನಚರಿಯಲ್ಲಿ ಧರ್ಮ

ಧರ್ಮದ ಇತಿಹಾಸವನ್ನು ಬರೆಯಹೊರಟವರ ಕಣ್ಣು ಮೊದಲು ದೇವಾಲಯಗಳ ಮೇಲೆ, ಆಮೇಲೆ ಗ್ರಂಥಗಳ ಮೇಲೆ, ಕೊನೆಗೆ ವಾದವಿವಾದಗಳ ಮೇಲೆ ಬೀಳುವುದು ವಾಡಿಕೆ. ಒಬ್ಬ ಭಕ್ತ ಭಾನುವಾರ ಏನನ್ನು ಕೇಳಿದನೆಂಬುದಕ್ಕೆ ದಾಖಲೆ ಸುಲಭವಾಗಿ ಸಿಗುತ್ತದೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ಏನು ಮಾಡಿದನೆಂಬುದಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದರೆ ಕ್ರೈಸ್ತ ಪರಂಪರೆಯು ತನ್ನ ಆದಿಯಿಂದಲೂ ತನಗೆ ತಾನೇ ಹಾಕಿಕೊಂಡ ಪ್ರಶ್ನೆಯೆಂದರೆ ಈ ಸೋಮವಾರದ ಪ್ರಶ್ನೆಯೇ ಆಗಿದೆ. ಪೌಲನು ಸುವಾರ್ತೆಯನ್ನು ಸಾರುತ್ತಲೇ ಗುಡಾರ ಹೊಲಿಯುವ ಕಸುಬಿನಿಂದ ಅನ್ನ ಸಂಪಾದಿಸಿದನೆಂದು ಅಪೊಸ್ತಲರ ಕೃತ್ಯಗಳ ಪುಸ್ತಕ ಹೇಳುತ್ತದೆ. ಕ್ರಿಯೆಯಿಲ್ಲದ ನಂಬಿಕೆ ಜೀವವಿಲ್ಲದ್ದೆಂಬುದು ಯಾಕೋಬನ ಪತ್ರಿಕೆಯ ತಿರುಳು. ಹದಿನೇಳನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಕಾರ್ಮೆಲ್ ಮಠದ ಸೋದರನು ಅಡುಗೆಮನೆಯ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸಾನ್ನಿಧ್ಯವನ್ನು ಅಭ್ಯಾಸ ಮಾಡಿದನು.

ಇಂಥ ಮಾತುಗಳನ್ನು ಪ್ರವಚನಗಳಲ್ಲಿ ಕೇಳುವಾಗ ಅವು ಮಧುರವಾಗಿಯೇ ಇರುತ್ತವೆ. ಅವು ಒಂದು ಊರಿನಲ್ಲಿ, ಒಂದು ಕಾಲದಲ್ಲಿ, ಸಂಬಳ, ಸಾಲ, ಜಾತಿ, ಕಸುಬುಗಳ ನಡುವೆ ಹೇಗೆ ನಡೆದವೆಂದು ನೋಡಹೊರಟಾಗ ಮಾತ್ರ ಅವುಗಳ ಬೆಲೆಯೂ ಭಾರವೂ ತಿಳಿಯುತ್ತದೆ. ಹಾಗೆ ನೋಡಲು ಕನ್ನಡಿಗರಾದ ನಮಗೆ ದೂರ ಹೋಗಬೇಕಾದ ಅಗತ್ಯವಿಲ್ಲ. 1834ರಿಂದ ಮೊದಲನೆಯ ಮಹಾಯುದ್ಧದವರೆಗೆ ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗುಗಳಲ್ಲಿ ನೆಲೆಸಿದ್ದ ಬಾಸೆಲ್ ಮಿಶನ್ನಿನ ಕಥೆ ನಮ್ಮ ಮುಂದಿದೆ. ಈ ಸಂಸ್ಥೆಯನ್ನು ಕನ್ನಡದ ಓದುಗರು ಬಹುಮಟ್ಟಿಗೆ ಕಿಟ್ಟೆಲ್ಲರ ನಿಘಂಟಿನ ಮೂಲಕ, ಮೊದಲ ಕನ್ನಡ ಪತ್ರಿಕೆಯ ಮೂಲಕ ಬಲ್ಲರು. ಆದರೆ ಈ ನಿಘಂಟು, ಈ ಪತ್ರಿಕೆ, ಇವುಗಳ ಜೊತೆಗೆ ಹುಟ್ಟಿದ ಹೆಂಚು ಮತ್ತು ಬಟ್ಟೆ ಎಲ್ಲವೂ ಒಂದೇ ನಂಬಿಕೆಯ ಫಲಗಳೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ವುರ್ಟೆಂಬರ್ಗಿನ ಹಳ್ಳಿಗಳಿಂದ

ಬಾಸೆಲ್ ಮಿಶನ್ ಸ್ಥಾಪನೆಯಾದುದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಆದರೆ ಅದಕ್ಕೆ ಜನಬಲವನ್ನು ಒದಗಿಸಿದ್ದು ಮುಖ್ಯವಾಗಿ ನೆರೆಯ ಜರ್ಮನ್ ರಾಜ್ಯವಾದ ವುರ್ಟೆಂಬರ್ಗ್. ಅಲ್ಲಿ ಪಯಟಿಸಂ ಎಂಬ ಭಕ್ತಿಪಂಥ ಆಳವಾಗಿ ಬೇರೂರಿತ್ತು. 1675ರಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ಬರೆದ ಗ್ರಂಥವೊಂದರಿಂದ ಚಾಲನೆ ಪಡೆದ ಈ ಪಂಥವು, ಲೂಥರನ ಸುಧಾರಣೆ ಕೇವಲ ಸಿದ್ಧಾಂತವಾಗಿ ಒಣಗಿಹೋಗಿದೆ, ಅದು ಮತ್ತೆ ಮನೆಮನೆಯ ಬದುಕಾಗಬೇಕು ಎಂದು ಬಯಸಿತು. ಹಾಲೆ ಪಟ್ಟಣದಲ್ಲಿ ಫ್ರಾಂಕೆ ಕಟ್ಟಿದ ಅನಾಥಾಲಯ, ಶಾಲೆ, ಮುದ್ರಣಾಲಯ, ಔಷಧಾಲಯಗಳು ಇದೇ ಬಯಕೆಯ ಮೂರ್ತರೂಪಗಳಾಗಿದ್ದವು. 1819ರಲ್ಲಿ ವುರ್ಟೆಂಬರ್ಗಿನ ಭಕ್ತರು ಕೋರ್ನ್‌ಟಾಲ್ ಎಂಬಲ್ಲಿ ತಮ್ಮದೇ ಆದ ಒಂದು ಊರನ್ನೇ ಕಟ್ಟಿಕೊಂಡರು.

ಮಿಶನ್ನಿನ ಶಾಲೆಗೆ ಸೇರಿದವರಲ್ಲಿ ಹೆಚ್ಚಿನವರು ರೈತರ ಮಕ್ಕಳು, ನೇಕಾರರು, ಕುಶಲಕರ್ಮಿಗಳು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಹರ್ಮನ್ ಮೋಗ್ಲಿಂಗರಂಥವರು ಅಪವಾದ. ಈ ಸಂಗತಿ ಮುಂದಿನ ಇತಿಹಾಸವನ್ನು ಅರಿಯಲು ಮುಖ್ಯ. ಕೈಕಸುಬನ್ನು ಬಲ್ಲವರಿಗೆ ಕೆಲಸ ಕೀಳಲ್ಲ. ತಾನು ಮಾಡುವ ಕಸುಬು ದೇವರು ತನಗೆ ಕೊಟ್ಟ ಕರೆ ಎಂಬ ಲೂಥರನ ಬೋಧನೆ ಅವರ ಪಾಲಿಗೆ ಪುಸ್ತಕದ ಮಾತಾಗಿರದೆ ಬಾಲ್ಯದಿಂದ ಕಂಡುಂಡ ಬದುಕಾಗಿತ್ತು. ಮುಂದೆ 1904-05ರಲ್ಲಿ ಮ್ಯಾಕ್ಸ್ ವೇಬರ್ ಪ್ರೊಟೆಸ್ಟಂಟ್ ನೀತಿಗೂ ಬಂಡವಾಳದ ಬೆಳವಣಿಗೆಗೂ ಇರುವ ನಂಟನ್ನು ಚರ್ಚಿಸಿದಾಗ ಆರಂಭಿಸಿದ್ದು 'ಕರೆ' ಎಂಬ ಈ ಪದದ ವಿಚಾರದಿಂದಲೇ. ವೇಬರನ ಪ್ರಬಂಧ ಹೊರಬರುವ ವೇಳೆಗೆ ಮಂಗಳೂರಿನಲ್ಲಿ ಆ ನಂಟಿಗೆ ಅರ್ಧ ಶತಮಾನವೇ ಕಳೆದಿತ್ತು.

1833ರ ಚಾರ್ಟರ್ ಕಾಯಿದೆಯು ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1836ರಲ್ಲಿ ಮೋಗ್ಲಿಂಗ್ ಬಂದರು. 1840ರಲ್ಲಿ ಕಲೆಕ್ಟರ್ ಬ್ಲೇರ್ ಬಲ್ಮಠದ ಗುಡ್ಡದ ಜಾಗವನ್ನು ಮಿಶನ್ನಿಗೆ ಕೊಟ್ಟರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರ ಜುಲೈ 1ರಂದು ಮೋಗ್ಲಿಂಗರ 'ಮಂಗಳೂರ ಸಮಾಚಾರ' ಹೊರಬಂದಿತು. ನಾಲ್ಕು ಪುಟಗಳ ಈ ಪಾಕ್ಷಿಕದಲ್ಲಿ ಧರ್ಮಬೋಧೆಗಿಂತ ಹೆಚ್ಚಾಗಿ ಊರ ಸುದ್ದಿ, ಸರ್ಕಾರದ ನಿರೂಪಗಳು, ಹೊರನಾಡುಗಳ ವರ್ತಮಾನಗಳು ಇದ್ದವು. ಜನರು ಕಟ್ಟುಕಥೆಗಳನ್ನು ನಂಬಿ ಗಾಬರಿಯಾಗದೆ ನಡೆದದ್ದನ್ನು ನಡೆದಂತೆ ತಿಳಿಯಲಿ ಎಂಬುದು ಅದರ ಆಶಯ. ಸತ್ಯವನ್ನು ಹೇಳುವುದು ಧರ್ಮವಾದರೆ ಸರಿಯಾದ ಸುದ್ದಿಯನ್ನು ಅಚ್ಚು ಹಾಕುವುದೂ ಧರ್ಮದ ಭಾಗವೇ ಎಂದು ಮೋಗ್ಲಿಂಗರು ಬಗೆದಂತೆ ತೋರುತ್ತದೆ. ಕರ್ನಾಟಕದಲ್ಲಿ ಜುಲೈ 1 ಇಂದಿಗೂ ಪತ್ರಿಕಾ ದಿನ.

ದೀಕ್ಷಾಸ್ನಾನದ ಮರುದಿನ

ಬೋಧಕರ ಪಾಲಿಗೆ ನಂಬಿಕೆಯನ್ನು ಬದುಕುವುದೆಂದರೆ ದೂರದೇಶದ ಬಿಸಿಲು, ಜ್ವರ, ಸಾವುಗಳನ್ನು ಸಹಿಸುವುದಾಗಿತ್ತು. ಅವರ ಮಾತನ್ನು ಕೇಳಿ ಒಪ್ಪಿದವರ ಪಾಲಿಗೆ ಅದರ ಅರ್ಥವೇ ಬೇರೆ.

ಆನಂದರಾವ್ ಕೌಂಡಿನ್ಯರ ಬದುಕು ಇದಕ್ಕೆ ಒಂದು ನಿದರ್ಶನ. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಇವರು ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿ, 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು; ಗುರುವಿನ ಹೆಸರಾದ ಹರ್ಮನ್ ಎಂಬುದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ಊರಿನಲ್ಲಿ ಕೋಲಾಹಲವೇ ಎದ್ದಿತು. ಮನೆಯೂ ಬಂಧುಬಳಗವೂ ಒಮ್ಮೆಗೇ ದೂರವಾದವು. 1846ರಲ್ಲಿ ಅವರು ಬಾಸೆಲಿಗೆ ತೆರಳಿ, 1851ರಲ್ಲಿ ಸಭಾಪಾಲಕರಾಗಿ ಅಭಿಷಿಕ್ತರಾಗಿ ಮರಳಿದರು. ಇವರು ತಮ್ಮ ನಂಬಿಕೆಯನ್ನು ಎಲ್ಲಿ ದುಡಿಸಿದರೆಂಬುದೇ ಗಮನಾರ್ಹ. ಕೊಡಗಿನಲ್ಲಿ ಜೀತದ ಹೊಲೆಯರು ಒಡೆಯರ ಗದ್ದೆಗಳಿಗೆ ಕಟ್ಟುಬಿದ್ದಿದ್ದರು. 1843ರ ಕಾಯಿದೆ ಗುಲಾಮಗಿರಿಯ ಕಾನೂನು ಮಾನ್ಯತೆಯನ್ನು ತೆಗೆದುಹಾಕಿತ್ತಾದರೂ ಹೊಟ್ಟೆಯ ಹಂಗು ಹಾಗೆಯೇ ಉಳಿದಿತ್ತು. ಕ್ರೈಸ್ತರಾದ ಹೊಲೆಯರಿಗೆ ಸ್ವಂತ ನೆಲೆಯೊಂದು ಬೇಕೆಂದು ಕೊಡಗಿನಲ್ಲಿ ಜಮೀನು ಕೊಂಡು ಕಟ್ಟಿದ ಊರೇ ಆನಂದಪುರ. ಆ ಊರಿನ ಹೆಸರಿನಲ್ಲಿ ಆನಂದರಾಯರ ಹೆಸರು ಉಳಿದಿದೆ. ಬ್ರಾಹ್ಮಣನಾಗಿ ಹುಟ್ಟಿದವನೊಬ್ಬ ಹೊಲೆಯರ ನಡುವೆ ಸಭೆ ಕಟ್ಟಿ ಕಾಫಿ ತೋಟದ ಲೆಕ್ಕ ನೋಡುತ್ತ ಬದುಕಿದ್ದು ಆ ಕಾಲದಲ್ಲಿ ಯಾವ ಉಪದೇಶಕ್ಕಿಂತಲೂ ದೊಡ್ಡ ಮಾತಾಗಿತ್ತು.

ಆದರೆ ಕೌಂಡಿನ್ಯರಿಗೆ ಕಳೆದುಕೊಳ್ಳಲು ಇದ್ದ ಆಸ್ತಿ, ವಿದ್ಯೆ, ಮಾನ ಹೆಚ್ಚಿನ ಮತಾಂತರಿಗಳಿಗೆ ಇರಲಿಲ್ಲ. ಕರಾವಳಿಯಲ್ಲಿ ಮಿಶನ್ನಿಗೆ ಸೇರಿದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ತೆಂಗು, ತಾಳೆ ಮರಗಳಿಂದ ಕಳ್ಳು ಇಳಿಸುವುದು ಅವರಲ್ಲಿ ಅನೇಕರ ಕುಲಕಸುಬು. ಕುಡಿತವನ್ನು ಪಾಪವೆಂದು ಎಣಿಸಿದ ಸಭೆಯು ಕಳ್ಳು ಇಳಿಸುವವನನ್ನು ತನ್ನ ಸದಸ್ಯನೆಂದು ಒಪ್ಪಲಾರದಾಯಿತು. ಅಂದರೆ, ನಂಬಿಕೆ ಬದಲಾದ ದಿನವೇ ಅನ್ನದ ದಾರಿಯೂ ಬದಲಾಗಬೇಕಿತ್ತು. ಜೊತೆಗೆ ಒಕ್ಕಲು ಭೂಮಿ ಕೈತಪ್ಪುವ ಭಯ, ಅವಿಭಕ್ತ ಕುಟುಂಬದ ಪಾಲು ಕಳೆದುಕೊಳ್ಳುವ ಭಯ, ಊರ ಬಾವಿಯೂ ನೆರೆಹೊರೆಯ ಸಹಾಯವೂ ದೊರೆಯದ ಭಯ. ಭೂತಕೋಲಕ್ಕೆ ಹೋಗುವಂತಿಲ್ಲ, ಯಕ್ಷಗಾನ ನೋಡುವಂತಿಲ್ಲ, ಮದುವೆಯ ಸಂಬಂಧಗಳು ಸಭೆಯ ಒಳಗೇ ಆಗಬೇಕು. ಹಳೆಯ ಬದುಕಿನ ದಿನಚರಿಯೆಲ್ಲ ಅಳಿಸಿಹೋಗಿ ಹೊಸದೊಂದನ್ನು ಮೊದಲಿಂದ ಬರೆಯಬೇಕಾದ ಸ್ಥಿತಿ.

ಈ ಸ್ಥಿತಿಯನ್ನು ಮಿಶನ್ ಮೊದಲು ಕೃಷಿಯಿಂದ ಎದುರಿಸಲು ನೋಡಿತು. ಗದಗ-ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ಕ್ರೈಸ್ತ ಕೃಷಿಕರ ನೆಲೆಯೊಂದನ್ನು ಕಟ್ಟುವ ಯತ್ನ ನಡೆಯಿತು. ಅದು ಎಣಿಸಿದಂತೆ ಫಲಿಸಲಿಲ್ಲ. ಬೇರೆ ದಾರಿಯನ್ನು ಹುಡುಕಲೇಬೇಕಾಯಿತು. ಕಾರ್ಖಾನೆಗಳ ಹುಟ್ಟಿಗೆ ಕಾರಣ ಲಾಭದ ಆಸೆಯಲ್ಲ; ದೀಕ್ಷಾಸ್ನಾನದ ಮರುದಿನ ಊಟಕ್ಕೇನು ಎಂಬ ಬರಿಯ ಪ್ರಶ್ನೆ.

ಮಗ್ಗ ಮತ್ತು ಹೆಂಚು

1851ರಲ್ಲಿ ಜಾನ್ ಹಾಲರ್ ಎಂಬ ನೇಕಾರ ಮಂಗಳೂರಿಗೆ ಬಂದರು. ಯುರೋಪಿನ ಮಾದರಿಯ ಮಗ್ಗಗಳು ಬಂದವು. ಬಣ್ಣ ಹಾಕುವ ಮನೆ ಶುರುವಾಯಿತು. ಖಾಕಿ ಬಣ್ಣ ಹುಟ್ಟಿದ್ದೇ ಇಲ್ಲಿ ಎಂಬ ಮಾತು ಕರಾವಳಿಯಲ್ಲಿ ಹೆಮ್ಮೆಯಿಂದ ಹೇಳುವಂಥದು. ಪಂಜಾಬಿನ ಗೈಡ್ಸ್ ಎಂಬ ಸೈನ್ಯದಳವು 1840ರ ದಶಕದಲ್ಲೇ ಮಣ್ಣಿನ ಬಣ್ಣದ ಉಡುಪು ತೊಟ್ಟಿತ್ತಾದ್ದರಿಂದ ಈ ಹೆಮ್ಮೆಯನ್ನು ಹಾಗೆಯೇ ಒಪ್ಪಲಾಗದು; ಆದರೆ ಮಂಗಳೂರಿನ ಮಗ್ಗಗಳಿಂದ ಗಟ್ಟಿಮುಟ್ಟಾದ ಖಾಕಿ ಬಟ್ಟೆ ಬಹುಕಾಲ ಹೊರಬಂದದ್ದು ನಿಜ. ನೇಯ್ಗೆಯ ಕೆಲಸ ಕಣ್ಣೂರು, ಕಲ್ಲಿಕೋಟೆಗಳಿಗೂ ಹಬ್ಬಿತು.

ಹೆಂಚಿನ ಕಥೆ ಇನ್ನೂ ಪ್ರಸಿದ್ಧವಾದುದು. ಜಾರ್ಜ್ ಪ್ಲೆಬ್ಸ್ಟ್ ಯಂತ್ರಗಳನ್ನು ಬಲ್ಲ ಸೋದರ. ಬಂದದ್ದು ಮುದ್ರಣಾಲಯದ ಕೆಲಸಕ್ಕಾಗಿ. ನೇತ್ರಾವತಿಯ ದಡದ ಜೇಡಿಮಣ್ಣು ಹೆಂಚಿಗೆ ಹದವಾದುದೆಂದು ಕಂಡುಕೊಂಡು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದರು. ಒಂದರೊಳಗೊಂದು ಕೂತು ಬಿಗಿಯುವ ಚಪ್ಪಟೆ ಹೆಂಚು ಕರಾವಳಿಯ ಮಳೆಗೆ ಸರಿಹೊಂದಿತು. ಪ್ರತಿವರ್ಷ ಹೊದಿಸಬೇಕಾದ, ಬೆಂಕಿಗೆ ಸುಲಭವಾಗಿ ತುತ್ತಾಗುವ ಹುಲ್ಲು, ಮಡಲಿನ ಮಾಡುಗಳ ಜಾಗಕ್ಕೆ ಅದು ಬಂದಿತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಕೊಡಕ್ಕಲ್, ಪಾಲ್ಘಾಟ್, ಫೆರೋಕ್‌ಗಳಲ್ಲಿ ಮಿಶನ್ನಿನ ಇನ್ನಷ್ಟು ಕಾರ್ಖಾನೆಗಳು ಎದ್ದವು. ಇದನ್ನು ಕಂಡು ಸ್ಥಳೀಯರೂ ಕೈಹಾಕಿದರು. 1868ರಲ್ಲಿಯೇ ಆಲ್ಬುಕರ್ಕ್ ಮನೆತನದ ಹೆಂಚಿನ ಉದ್ಯಮ ಶುರುವಾಗಿತ್ತು. ಮುಂಬಯಿಯ ಹಳೆಯ ಚಾಳುಗಳ, ರೈಲ್ವೆ ಕಟ್ಟಡಗಳ ಮಾಡಿನ ಮೇಲೆ ಮಂಗಳೂರು ಹೆಂಚನ್ನು ಇಂದಿಗೂ ಕಾಣುವ ನಮ್ಮ ಓದುಗರಿಗೆ ಅದರ ಮೂಲದ ನೆನಪು ಇರಲಿಕ್ಕಿಲ್ಲ. ನೌಕರಿ ಹುಡುಕಿ ಉತ್ತರಕ್ಕೆ ಬಂದ ಮಂಗಳೂರಿಗರಂತೆಯೇ ಆ ಹೆಂಚೂ ಹಡಗು ಹತ್ತಿ ಬಂದಿತು.

ವ್ಯಾಪಾರ ಬೆಳೆದಂತೆ ಬಾಸೆಲಿನಲ್ಲಿ ಚರ್ಚೆಯೂ ಬೆಳೆಯಿತು. ಸುವಾರ್ತೆ ಸಾರುವ ಸಂಸ್ಥೆ ಅಂಗಡಿ ನಡೆಸಬಹುದೇ? ಲಾಭ ಬಂದರೆ ಅದು ಯಾರದು? 1859ರಲ್ಲಿ ಪ್ರತ್ಯೇಕವಾದ ವ್ಯಾಪಾರಿ ಕಂಪನಿಯನ್ನು ಕಟ್ಟಿ ಇದಕ್ಕೊಂದು ಉತ್ತರ ಕಂಡುಕೊಳ್ಳಲಾಯಿತು: ಪಾಲುದಾರರಿಗೆ ಮಿತವಾದ ಲಾಭಾಂಶ, ಮಿಕ್ಕದ್ದು ಮಿಶನ್ನಿನ ಕೆಲಸಕ್ಕೆ. ವ್ಯಾಪಾರದಲ್ಲಿ ಒಂದೇ ಬೆಲೆ, ಸರಿಯಾದ ತೂಕ, ಕೊಟ್ಟ ಮಾತಿಗೆ ತಪ್ಪದ ನಡೆ ಎಂಬವು ಉಪದೇಶದಷ್ಟೇ ಮುಖ್ಯವೆಂದು ಈ ವ್ಯಾಪಾರಿ ಸೋದರರು ನಂಬಿದ್ದರು. ಚೌಕಾಸಿಯಿಲ್ಲದ ಅಂಗಡಿಯು ಅಂದಿನ ಪೇಟೆಯಲ್ಲಿ ಒಂದು ವಿಚಿತ್ರವೇ ಆಗಿದ್ದಿರಬೇಕು.

ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಗಂಟೆ ಬಾರಿಸಿದ ಕೂಡಲೇ ಬರಬೇಕು. ತಡವಾದರೆ ಕೂಲಿಗೆ ಕತ್ತರಿ. ಭಾನುವಾರ ರಜೆ. ಗಡಿಯಾರದ ವೇಳೆಗೆ ಒಗ್ಗದ, ಮಳೆ ಬಿತ್ತನೆ ಸುಗ್ಗಿಗಳ ಲಯಕ್ಕೆ ಒಗ್ಗಿದ ಜನರಿಗೆ ಇದೊಂದು ಹೊಸ ಕಾಲಮಾನ. ಬೇರೆಬೇರೆ ಜಾತಿಗಳಿಂದ ಬಂದವರು ಒಂದೇ ಚಾವಣಿಯ ಕೆಳಗೆ, ಒಂದೇ ಮಣ್ಣನ್ನು ತುಳಿದು, ಒಂದೇ ಬಾವಿಯ ನೀರು ಕುಡಿದು ದುಡಿದರು. ಹೆಂಗಸರು ಕೈಗೆ ಕೂಲಿ ಪಡೆದು ಮನೆಗೆ ಹೋದರು. ಜಾತಿಯ ಬಗ್ಗೆ ಪೀಠದಿಂದ ಹೇಳಿದ ಮಾತುಗಳಿಗಿಂತ ಈ ಒಂದೇ ಬಾವಿ ಹೆಚ್ಚು ಕೆಲಸ ಮಾಡಿರಬೇಕೆಂದು ನಮಗೆ ಅನ್ನಿಸುತ್ತದೆ.

ಒಡೆಯನೂ ಪಾದ್ರಿಯೂ ಒಬ್ಬನೇ ಆದಾಗ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಇದು ಸ್ತುತಿಯಾದೀತೇ ಹೊರತು ಇತಿಹಾಸವಾಗದು. ನಂಬಿಕೆಯನ್ನು ದಿನನಿತ್ಯದಲ್ಲಿ ನಡೆಸಲು ಹೊರಟ ಈ ಪ್ರಯೋಗದ ಒಳಗೇ ಒಂದು ತೊಡಕಿತ್ತು. ಕೆಲಸ ಕೊಟ್ಟವರು, ಇರಲು ಜಾಗ ಕೊಟ್ಟವರು, ಮಕ್ಕಳಿಗೆ ಶಾಲೆ ಕೊಟ್ಟವರು, ಸಭೆಯ ಶಿಸ್ತನ್ನು ಕಾಯುವವರು ಎಲ್ಲರೂ ಒಂದೇ ಸಂಸ್ಥೆಯವರು. ಕುಡಿದು ಬಂದವನಿಗೆ ಪ್ರಭುಭೋಜನ ತಪ್ಪುತ್ತಿತ್ತು. ಅವನ ಕೆಲಸವೂ ಮನೆಯೂ ಅದೇ ಕೈಯಲ್ಲಿದ್ದವು. ಸಾಲ ಮಾಡಬಾರದು, ಆಡಂಬರದ ಮದುವೆ ಮಾಡಬಾರದು ಎಂಬ ಬುದ್ಧಿಮಾತು ಹಿರಿಯನದಾದರೆ ಹಿತ. ಕೂಲಿ ಕೊಡುವವನದಾದಾಗ ಅಪ್ಪಣೆ. ಹೀಗಾದಾಗ ಒಬ್ಬ ಕಾರ್ಮಿಕ ಬೆಳಗಿನ ಪ್ರಾರ್ಥನೆಯಲ್ಲಿ ತಲೆಬಾಗಿದ್ದು ದೇವರಿಗೋ ಮೇಸ್ತ್ರಿಗೋ ಎಂದು ಹೇಳುವುದು ಕಷ್ಟ. ಪ್ರಾಯಶಃ ಅವನಿಗೂ ಅದು ಸ್ಪಷ್ಟವಾಗಿರಲಿಲ್ಲ.

ಈ ತೊಡಕನ್ನು ಮಿಶನ್ನಿನ ಒಳಗಿದ್ದವರೇ ಕಂಡಿದ್ದರು. ಅನ್ನಕ್ಕಾಗಿ ಬಂದವರು ಎಂಬ ಹೀಯಾಳಿಕೆ ಹೊರಗಿನಿಂದ ಬಂದರೆ, ಅನ್ನ ಕೊಟ್ಟು ಅವಲಂಬಿಗಳನ್ನಾಗಿ ಮಾಡುತ್ತಿದ್ದೇವೆಯೇ ಎಂಬ ಶಂಕೆ ಒಳಗಿನಿಂದ ಬಂದಿತು. ಮೋಗ್ಲಿಂಗರ ಅಸಮಾಧಾನ ಇನ್ನೊಂದು ಬಗೆಯದು. ಬಂಗಲೆಯಲ್ಲಿ ಸೇವಕರೊಡನೆ ಬದುಕುತ್ತ ಶಿಲುಬೆಯ ಮಾತಾಡುವುದು ಸಲ್ಲದು, ಬೋಧಕರು ಈ ನಾಡಿನವರಂತೆ ಸರಳವಾಗಿ ಬದುಕಬೇಕು ಎಂಬುದು ಅವರ ಹಟ. ಬಾಸೆಲಿನ ಸಮಿತಿಗೆ ಇದು ಒಪ್ಪಿಗೆಯಾಗಲಿಲ್ಲ. 1853ರಲ್ಲಿ ಅವರು ಕೊಡಗಿಗೆ ಹೋದದ್ದರಲ್ಲಿಯೂ ಇಂಥದೇ ಒಂದು ಸ್ವತಂತ್ರ ಬುದ್ಧಿಯಿದೆ. ಸಹೋದ್ಯೋಗಿ ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಅವರ ಪತ್ನಿಯಾಗಿದ್ದ ಪೌಲಿನರನ್ನು ಮೋಗ್ಲಿಂಗ್ ಮದುವೆಯಾದರು. 1860ರಲ್ಲಿ ಜರ್ಮನಿಗೆ ಹೋದವರು ಮರಳಿ ಬರಲಾಗಲಿಲ್ಲ. ಅವರು ಸಂಪಾದಿಸಿದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಮೂಡಿದವು. ಯಾವ ನಂಬಿಕೆಯನ್ನು ಬದಲಿಸಲು ಬಂದರೋ ಆ ನಂಬಿಕೆಯ ಗ್ರಂಥಗಳನ್ನು ತಮ್ಮ ಕೈಯಾರೆ ಉಳಿಸಿಕೊಟ್ಟರು.

ಈ ನಾಡಿನ ಆಚರಣೆಗಳ ಬಗ್ಗೆ ಮಿಶನರಿಗಳ ದೃಷ್ಟಿಯಲ್ಲಿದ್ದ ಕಟುತ್ವವನ್ನೂ ಮರೆಯಲಾಗದು. ತುಳುವರ ದೈವಗಳು ಅವರ ಕಣ್ಣಿಗೆ ಸೈತಾನನ ಪರಿವಾರವಾಗಿ ಕಂಡವು. ಆದರೆ ಅದೇ ತುಳುವಿಗೆ 1847ರಲ್ಲಿ ಹೊಸ ಒಡಂಬಡಿಕೆಯನ್ನೂ 1886ರಲ್ಲಿ ಮ್ಯಾನರ್ ಅವರ ನಿಘಂಟನ್ನೂ ಕೊಟ್ಟವರು ಅವರೇ. ಜನರ ನಂಬಿಕೆಯನ್ನು ತುಚ್ಛವೆಂದು ಬಗೆದವರು ಜನರ ಮಾತನ್ನು ಮಾತ್ರ ತುಚ್ಛವೆಂದು ಬಗೆಯಲಿಲ್ಲ. ಈ ಇಬ್ಬಂದಿತನವನ್ನು ಇದ್ದಂತೆಯೇ ಒಪ್ಪಿಕೊಳ್ಳುವುದು ಲೇಸು.

ಪದಗಳ ದುಡಿಮೆ

ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಭಾರತಕ್ಕೆ ಬಂದರು. ಕನ್ನಡಿಗರ ನಡುವೆ ಕನ್ನಡಿಗನಾಗಬೇಕೆಂಬ ಅವರ ಹಂಬಲ ಹಿರಿಯ ಸಹೋದ್ಯೋಗಿಗಳಿಗೆ ಅತಿಯೆನಿಸಿತು. ಸಭೆ ಕಟ್ಟುವುದರಲ್ಲಿ ಅವರು ಹೇಳಿಕೊಳ್ಳುವಂಥ ಯಶಸ್ಸು ಪಡೆಯಲಿಲ್ಲ. 1862ರಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದರು. ಆಮೇಲೆ ಕೇಶಿರಾಜನ 'ಶಬ್ದಮಣಿದರ್ಪಣ', ನಾಗವರ್ಮನ 'ಛಂದೋಂಬುಧಿ'ಗಳ ಸಂಪಾದನೆ. ಜೊತೆಜೊತೆಗೆ ನಿಘಂಟಿನ ದೀರ್ಘ ದುಡಿಮೆ. 1864ರಲ್ಲಿ ಪತ್ನಿಯ ಸಾವು, ತಮ್ಮದೇ ಅನಾರೋಗ್ಯ, ಕಣ್ಣಿನ ದೌರ್ಬಲ್ಯ ಎಲ್ಲದರ ನಡುವೆ ನಡೆದ ಆ ಕೆಲಸ 1894ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಗ್ರಂಥವಾಗಿ ಹೊರಬಂದಿತು. ಸುಮಾರು 70,000 ಪದಗಳ ಆ ಕೋಶದಲ್ಲಿ ಹಳಗನ್ನಡ ಕಾವ್ಯದ ಪದಗಳ ಪಕ್ಕದಲ್ಲೇ ನೇಗಿಲು, ಒಲೆ, ಕೊಟ್ಟಿಗೆ, ಸಂತೆಗಳ ಮಾತುಗಳು, ಗಾದೆಗಳು ತುಂಬಿವೆ.

ಕಿಟ್ಟೆಲ್ಲರ ಈ ಕೆಲಸವನ್ನು ನಾವು ಬಹುವೇಳೆ ಪಾಂಡಿತ್ಯವೆಂದು ಮಾತ್ರ ಹೊಗಳುತ್ತೇವೆ. ಅದರ ಹಿಂದಿನ ನಿಷ್ಠೆ ಜೆಪ್ಪುವಿನ ಹೆಂಚಿನ ಹಿಂದೆ ಇದ್ದ ನಿಷ್ಠೆಯೇ. ಒಂದು ಪದದ ಅರ್ಥವನ್ನು ಅಂದಾಜಿನಲ್ಲಿ ಬರೆದುಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಬರೆಯದೆ, ಹಳ್ಳಿಯವನನ್ನೂ ಪಂಡಿತನನ್ನೂ ಮತ್ತೆ ಕೇಳಿ, ಪ್ರಯೋಗವನ್ನು ಹುಡುಕಿ, ಮೂಲವನ್ನು ನಮೂದಿಸಿ ಬರೆಯುವುದರಲ್ಲಿ ಒಂದು ಬಗೆಯ ಉಪಾಸನೆಯಿದೆ. ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಇದು ತಟ್ಟುವ ಮಾತು. ಯಾರೂ ಓದದ ಟಿಪ್ಪಣಿಯನ್ನು ಸರಿಯಾಗಿ ಬರೆಯಬೇಕೇ ಎಂಬ ಪ್ರಶ್ನೆ ವೃತ್ತಿಯಲ್ಲಿ ದಿನವೂ ಬರುತ್ತದೆ. ಆ ಟಿಪ್ಪಣಿಯ ಇನ್ನೊಂದು ತುದಿಯಲ್ಲಿ ಪಿಂಚಣಿಗಾಗಿ ಕಾದ ಒಬ್ಬ ವಿಧವೆ ಇರಬಹುದು ಎಂಬ ನೆನಪೇ ಉತ್ತರ. ಅದಕ್ಕೆ ಕ್ರೈಸ್ತನೇ ಆಗಬೇಕೆಂದಿಲ್ಲ. ಆದರೆ ನೆರೆಯವನನ್ನು ಪ್ರೀತಿಸಬೇಕೆಂಬ ಕ್ರಿಸ್ತನ ಆಜ್ಞೆಯನ್ನು ನಂಬುವವನು ಆ ಕಡತವನ್ನು ಮೇಜಿನ ಕೆಳಗೆ ತಳ್ಳುವಂತಿಲ್ಲ.

ಯುದ್ಧದ ನಂತರ ಉಳಿದದ್ದು

1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಮಿಶನರಿಗಳು ಶತ್ರುದೇಶದ ಪ್ರಜೆಗಳಾದರು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟು, ಮುಂದೆ ತಾಯ್ನಾಡಿಗೆ ಕಳುಹಿಸಲಾಯಿತು. ಕಾರ್ಖಾನೆಗಳು ಮಿಶನ್ನಿನ ಕೈಬಿಟ್ಟು, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ವಶವಾದವು. ಎಂಬತ್ತು ವರ್ಷ ಹೆಣೆದ ಬಲೆ ಕೆಲವೇ ವರ್ಷಗಳಲ್ಲಿ ಬಿಚ್ಚಿಹೋಯಿತು.

ಈ ಹಂತದಲ್ಲಿಯೇ ಮೇಲಿನ ತೊಡಕಿಗೆ ಇತಿಹಾಸ ತನ್ನ ಪರೀಕ್ಷೆಯನ್ನು ಒಡ್ಡಿತೆನ್ನಬಹುದು. ಸಂಬಳ ಕೊಡುವ ಪಾದ್ರಿ ಹೋದ ಮೇಲೆ ಸಭೆ ಉಳಿಯುವುದೇ? ಅನ್ನಕ್ಕಾಗಿ ಬಂದವರೇ ಆಗಿದ್ದರೆ ಅನ್ನದ ಮೂಲ ಬತ್ತಿದಾಗ ಚದುರಿಹೋಗಬೇಕಿತ್ತು. ಹಾಗೆ ಆಗಲಿಲ್ಲ. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿ, ಗದಗಗಳ ಸಭೆಗಳು ತಮ್ಮ ದೇಶೀಯ ಪಾಲಕರ, ಉಪದೇಶಿಗಳ, ಶಿಕ್ಷಕರ ಬಲದಿಂದ ನಿಂತವು. ಕಾಲಕ್ರಮದಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಕಸುಬು ಕಲಿತ ಕೈಗಳು ಬೇರೆ ಕಡೆ ಕೆಲಸ ಹುಡುಕಿಕೊಂಡವು. ಅಚ್ಚುಮೊಳೆ ಜೋಡಿಸಬಲ್ಲವರು, ಯಂತ್ರ ನಡೆಸಬಲ್ಲವರು, ಲೆಕ್ಕ ಬರೆಯಬಲ್ಲವರು, ದಾದಿಯರು, ಶಿಕ್ಷಕಿಯರು ಮುಂಬಯಿಯಂಥ ನಗರಗಳಿಗೂ ಹೋದರು. ಅಲ್ಲಿ ಅವರು ಕನ್ನಡದಲ್ಲಿಯೇ ಆರಾಧನೆ ನಡೆಸುವ ಸಭೆಗಳನ್ನು ಕಟ್ಟಿಕೊಂಡರು. ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿದವರೆಂದು ನಾವು ಸಂಘಗಳನ್ನೂ ಯಕ್ಷಗಾನ ಮೇಳಗಳನ್ನೂ ಹೆಸರಿಸುವಾಗ ಭಾನುವಾರದ ಈ ಕನ್ನಡ ಪ್ರಾರ್ಥನೆಗಳನ್ನೂ ಸೇರಿಸಿಕೊಳ್ಳುವುದು ನ್ಯಾಯ.

ಆ ಪರಂಪರೆಯ ಅತ್ಯುತ್ತಮ ಫಲವೆಂದು ನಾವು ಭಾವಿಸುವುದು ಉತ್ತಂಗಿ ಚನ್ನಪ್ಪನವರನ್ನು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ತರಬೇತಿ ಪಡೆದು, ಉತ್ತರ ಕರ್ನಾಟಕದ ಊರುಗಳಲ್ಲಿ ಸಭಾಪಾಲಕರಾಗಿ ದುಡಿದ ಇವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿದರು. 1924ರಲ್ಲಿ ಆ ಸಂಗ್ರಹ ಹೊರಬಂದಾಗ ಕನ್ನಡ ನಾಡು ತನ್ನ ಜನಕವಿಯನ್ನು ಒಟ್ಟಾಗಿ ಕಂಡಿತು. ಮುಂದೆ ಅವರು ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು. ಕಟ್ಟಿಗೆ ಮಾರಿ ಬದುಕಿದ ಮೋಳಿಗೆ ಮಾರಯ್ಯನ ವಚನಗಳನ್ನು ಸಂಪಾದಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಪಾದ್ರಿಯೊಬ್ಬ ಶರಣರ ವಚನಗಳಿಗೆ ತನ್ನ ಆಯುಷ್ಯವನ್ನು ಕೊಟ್ಟದ್ದು ತನ್ನ ಧರ್ಮದಿಂದ ದೂರ ಸರಿದದ್ದರಿಂದಲ್ಲ. ಅವರು ಕೊನೆಯವರೆಗೂ ಕ್ರಿಸ್ತಭಕ್ತರೇ. ದುಡಿಮೆಯನ್ನು ದೇವರ ಕರೆಯೆಂದ ಲೂಥರನ ಮಾತಿಗೂ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕಕ್ಕೆ ಕೊಟ್ಟ ಘನತೆಗೂ ಇರುವ ಹತ್ತಿರದ ನಂಟನ್ನು ಉತ್ತಂಗಿಯವರಷ್ಟು ಸಹಜವಾಗಿ ಬದುಕಿ ತೋರಿಸಿದವರು ವಿರಳ. ಲೂಥರನಿಗೆ ಕಲ್ಯಾಣ ಗೊತ್ತಿರಲಿಲ್ಲ, ಶರಣರಿಗೆ ವಿಟೆನ್‌ಬರ್ಗ್ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಇವೆರಡೂ ಒಬ್ಬನೇ ಮನುಷ್ಯನ ದಿನಚರಿಯಲ್ಲಿ ಒಂದಾದದ್ದು ಕನ್ನಡದ ನೆಲದಲ್ಲಿ. ಬೋಧಿಸಲು ಬಂದವರು ಮಾಡಲಾಗದ ಕೆಲಸವನ್ನು ಇಲ್ಲಿ ಹುಟ್ಟಿದವರೊಬ್ಬರು ಮಾಡಿದರು. ನಂಬಿಕೆ ಬದಲಾದರೂ ನೆರೆಯವರ ನುಡಿ, ಕವಿ, ಶರಣರು ಪರಕೀಯರಾಗಬೇಕಿಲ್ಲವೆಂದು ತೋರಿಸಿಕೊಟ್ಟರು.

ಈ ದೀರ್ಘ ಕಥೆಯಿಂದ ನಾವು ಕಲಿಯಬಹುದಾದುದು ಎರಡು ಸಂಗತಿ. ನಂಬಿಕೆ ದಿನನಿತ್ಯದ ಬದುಕಿಗೆ ಇಳಿಯದಿದ್ದರೆ ಅದು ವಾರಕ್ಕೊಮ್ಮೆಯ ಉಡುಪಾಗಿ ಉಳಿಯುತ್ತದೆ; ಮಗ್ಗ, ಹೆಂಚು, ಪತ್ರಿಕೆ, ನಿಘಂಟುಗಳು ಆ ಅಪಾಯದಿಂದ ಬಾಸೆಲ್ ಮಿಶನ್ನನ್ನು ಕಾಪಾಡಿದವು. ನಂಬಿಕೆ ಮತ್ತೊಬ್ಬರ ದಿನನಿತ್ಯದ ಬದುಕಿನ ಮೇಲೆ ಅಧಿಕಾರವಾದರೆ ಪ್ರಾರ್ಥನೆಯೂ ಹಾಜರಿಯ ಪುಸ್ತಕವಾಗುತ್ತದೆ. ಆ ಅಪಾಯವನ್ನು ಅವರು ಪೂರ್ತಿ ತಪ್ಪಿಸಿಕೊಳ್ಳಲಿಲ್ಲ. ಇಂದು ಕೆಲಸ ಕೊಡುವವರು ಬೇರೆ, ಪ್ರಾರ್ಥನೆ ಮಾಡಿಸುವವರು ಬೇರೆ. ಹಾಗಾಗಿ ಇಂದಿನ ವಿಶ್ವಾಸಿಗೆ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಲು ಹೊರಗಿನ ಗಂಟೆ ಬಾರಿಸುವವರಿಲ್ಲ. ಮಾಡಿದರೆ ಅದು ಅವನದೇ ಆಯ್ಕೆ. ಕೌಂಡಿನ್ಯರು ಆನಂದಪುರದಲ್ಲಿ, ಉತ್ತಂಗಿಯವರು ಬಯಲುಸೀಮೆಯ ಹಳ್ಳಿಗಳಲ್ಲಿ ಮಾಡಿದ್ದು ಅಂಥ ಆಯ್ಕೆಯನ್ನೇ. ಅದಕ್ಕಾಗಿಯೇ ಕಾರ್ಖಾನೆಗಳು ಕೈಬದಲಾದ ಎಷ್ಟೋ ಕಾಲದ ಮೇಲೂ ಅವರ ದುಡಿಮೆ ನಮ್ಮ ಪಾಲಿಗೆ ಉಳಿದಿದೆ.